ಕಾರಿನ ಬ್ಯಾಟರಿಯಿಂದ ಲ್ಯಾಪ್‌ಟಾಪ್ ಚಾರ್ಜ್ ಮಾಡಿದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತಾ?

ಮೈಸೂರಿನಿಂದ ಮುತ್ತತ್ತಿ ಕಡೆ ಕ್ಯಾಂಪಿಂಗ್, ಟೆಂಟ್ ಹತ್ತಿರ ಕರೆಂಟ್ ಇಲ್ಲ, ಲ್ಯಾಪ್‌ಟಾಪ್ ಮಾತ್ರ ಬೇಕೇ ಬೇಕು ಅಂತ ಕೇಳಿದ್ದೀರಿ. ಬ್ಯಾಟರಿ ತೀರಾ ಹಳೆಯದಲ್ಲದಿದ್ದರೆ ಒಂದು ಸಲ ಧಾರಾಳವಾಗಿ ಮಾಡಬಹುದು.

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 35 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 420 ವಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಇರುವ ಶಕ್ತಿ. ಲ್ಯಾಪ್‌ಟಾಪಿಗೆ 50–60 ಸಾಕು, ನಷ್ಟವೂ ಸೇರಿ 70 ಅಂತ ಹಿಡಿಯಿರಿ. ಆರನೇ ಒಂದು ಭಾಗ ಹೋಯಿತು, ಅಷ್ಟೇ. ಆದರೆ 420 ಇದೆಯಲ್ಲ ಅಂತ ರಾತ್ರಿಯೆಲ್ಲ ಎಳೆಯಬೇಡಿ. ಕಾರಿನ ಬ್ಯಾಟರಿ ಇರುವುದು ಸ್ಟಾರ್ಟರ್‌ಗೆ ಕೆಲವೇ ಸೆಕೆಂಡು ಜೋರಾಗಿ ಕರೆಂಟ್ ಕೊಡಲಿಕ್ಕೆ. ಮನೆಯ ಯುಪಿಎಸ್ ಬ್ಯಾಟರಿಯನ್ನು ಬಳಸುವಂತೆ ಅದನ್ನು ಪದೇ ಪದೇ ಖಾಲಿ ಮಾಡಿದರೆ ಬೇಗ ಕೆಡುತ್ತದೆ. ಎಂಜಿನ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ವೋಲ್ಟ್‌ಮೀಟರ್ ಸುಮಾರು 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಹತ್ತಿರ ಹತ್ತಿರ ಅರ್ಧ ಖಾಲಿ.

ಇನ್ವರ್ಟರ್ ಬೇಡ ಅನ್ನುತ್ತೇನೆ. ಅದು 12 ವೋಲ್ಟನ್ನು 230ಕ್ಕೆ ಏರಿಸುತ್ತದೆ, ನಿಮ್ಮ ಅಡಾಪ್ಟರ್ ಮತ್ತೆ 20ಕ್ಕೆ ಇಳಿಸುತ್ತದೆ. ಎರಡು ಕಡೆಯೂ ಶಾಖವಾಗಿ ನಷ್ಟ, ಜೊತೆಗೆ ಫ್ಯಾನ್ ಸದ್ದು ಬೇರೆ. ಲ್ಯಾಪ್‌ಟಾಪ್ ಟೈಪ್-ಸಿಯಲ್ಲಿ ಚಾರ್ಜ್ ಆಗುವುದಾದರೆ ಲೈಟರ್ ಸಾಕೆಟ್‌ಗೆ ಹಾಕುವ 65 ವಾಟ್‌ನ ಪಿಡಿ (ಪವರ್ ಡೆಲಿವರಿ, ಅಂದರೆ ಟೈಪ್-ಸಿಯಲ್ಲೇ ಲ್ಯಾಪ್‌ಟಾಪಿಗೆ ಬೇಕಾದಷ್ಟು ಪವರ್ ಕೊಡುವ) ಚಾರ್ಜರ್ ತಗೊಳ್ಳಿ. ಅದು ಎಳೆಯುವುದು ಸುಮಾರು 6 ಆಂಪಿಯರ್. ಆ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್‌ನದು, ಹಾಗಾಗಿ ಫ್ಯೂಸ್ ಹೋಗುವ ಭಯವಿಲ್ಲ.

ಎಲ್ಲಕ್ಕಿಂತ ಸುಲಭ, ದಾರಿಯಲ್ಲೇ ಚಾರ್ಜ್‌ಗೆ ಹಾಕುವುದು. ಗಾಡಿ ಓಡುವಾಗ ಕರೆಂಟ್ ಕೊಡುವುದು ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗಿಸುವ ಜನರೇಟರ್. ಮಳವಳ್ಳಿ, ಹಲಗೂರು ದಾಟಿ ಮುತ್ತತ್ತಿ ಮುಟ್ಟುವಷ್ಟರಲ್ಲಿ ಲ್ಯಾಪ್‌ಟಾಪ್ ಬಹುಪಾಲು ತುಂಬಿರುತ್ತದೆ.