ಬೀಟೆಮರದ ಧೂಳು, ಪಾಲಿಶ್ ಆವಿ ಮತ್ತು ಗಾಳಿ ಶೋಧಕ ಯಂತ್ರ

ಮೈಸೂರಿನ ನಿಮ್ಮ ಬೀಟೆಮರದ ಕುಸುರಿ ಕಾರ್ಯಾಗಾರಕ್ಕೆ ಬಾಡಿಗೆಗೆ ತಂದಿರುವ, ನಿಮಿಷಕ್ಕೆ 500 ಘನ ಅಡಿ ಗಾಳಿ ಎಳೆಯುವ ಶೋಧಕ ಯಂತ್ರವನ್ನು ಪಾಲಿಶ್ ಮಾಡುವಾಗಲೂ ಓಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಓಡಿಸಬೇಡಿ. ಯಂತ್ರದೊಳಗಿನ ಹೆಪಾ ಫಿಲ್ಟರ್ (ಅತಿ ಸಣ್ಣ ಧೂಳನ್ನೂ ಹಿಡಿಯುವ ದಟ್ಟ ಶೋಧಕ) 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯುತ್ತದೆಯಾದರೂ ಸ್ಪಿರಿಟ್, ಥಿನ್ನರ್‌ಗಳ ಆವಿ ಅದರ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ಸಾಮಾನ್ಯ ಮೋಟಾರಿನ ಒಂದು ಕಿಡಿ ಆ ಆವಿಗೆ ಬೆಂಕಿ ಹೊತ್ತಿಸಲು ಸಾಕು.

ಮರ ಉಜ್ಜುವ ಕೆಲಸಕ್ಕೆ ಮಾತ್ರ ಇದು ನಿಜಕ್ಕೂ ಉಪಯುಕ್ತ. ನೀವು ಹೇಳಿದ 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾಳಿಯನ್ನು ಅದು ಲೆಕ್ಕದ ಪ್ರಕಾರ ಗಂಟೆಗೆ 10 ಬಾರಿ ಶೋಧಿಸುತ್ತದೆ, ಆದರೆ ಹೆಪಾ ಫಿಲ್ಟರ್‌ಗೂ ಮೊದಲು ಗಾಳಿ ಹಾಯುವ ಒರಟು ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಂತೆ ಈ ಸಂಖ್ಯೆ ಇಳಿಯುತ್ತದೆ. ಹಾಗೆಂದು ಕಂಪ್ರೆಸರ್ ಗಾಳಿ ಊದಿ ಹೆಪಾ ಫಿಲ್ಟರ್ ಸ್ವಚ್ಛಗೊಳಿಸುವುದು (ನಮ್ಮಲ್ಲಿ ಈ ಚಾಳಿ ಬಹಳ) ಅದನ್ನು ಹರಿದು ಹಾಕಿದಂತೆಯೇ ಸರಿ. ಫಿಲ್ಟರ್ ಬದಲಿಸುವಾಗ ಪ್ಲಗ್ ಕಿತ್ತ ನಂತರವೇ, ಎನ್95 ಮಾಸ್ಕ್ ಧರಿಸಿ, ಹಳೆಯ ಫಿಲ್ಟರನ್ನು ಅಲುಗಾಡಿಸದೆ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿ ಬಾಯಿ ಕಟ್ಟಿರಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟನ್ನೇ ಬಳಸಿ. ಸುರುಳಿ ಸುತ್ತಿಟ್ಟ ತೆಳು ಎಕ್ಸ್‌ಟೆನ್ಷನ್ ವೈರು ಬಿಸಿಯಾಗಿ ಕರಗಬಹುದು.