ತೆಳುಗಾಜಿನ ಮೇಲೆ ಬಿಳಿ ಮಬ್ಬು
ಮಡಚುವ ಪರದೆಯ ಗಾಜನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೆಳುವಾಗಿಸುವಾಗ ಬಿಳಿ ಮಬ್ಬು, ಗುಳಿಗಳು ಏಕೆ ಬರುತ್ತವೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಆ ಮಬ್ಬು ಬಹುಮಟ್ಟಿಗೆ ಕರಗದ ಫ್ಲೋರೈಡ್ ಲವಣಗಳದ್ದು. ಗಾಜಿನಿಂದ ಹೊರಬಂದ ಅಲ್ಯೂಮಿನಿಯಂ, ಮೆಗ್ನೀಸಿಯಂ ಇಂಥ ಲವಣಗಳಾಗಿ ಮೇಲ್ಮೈಗೇ ಅಂಟಿಕೊಳ್ಳುತ್ತವೆ. ಅವುಗಳ ಅಡಿಯಲ್ಲಿ ಸವೆತ ನಿಧಾನವಾಗಿ ದಪ್ಪ ಏರುಪೇರಾಗುತ್ತದೆ.

ಮೊದಲು ತೊಟ್ಟಿಯ ಕೆಸರನ್ನು ಸೋಸಿ ತೆಗೆಯಿರಿ. ಬಳಿಕ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಅಥವಾ ನೈಟ್ರಿಕ್ ಆಮ್ಲ ಸೇರಿಸಿ. ಲವಣಗಳು ಕರಗಲು ಅದು ನೆರವಾಗುತ್ತದೆ. ಪ್ರಮಾಣ ಗಾಜಿನ ಸಂಯೋಜನೆಯನ್ನು ಅವಲಂಬಿಸಿರುವುದರಿಂದ ಮೊದಲು ಚೂರುಗಳ ಮೇಲೆ ಪರೀಕ್ಷಿಸಿ. ಗಾಜನ್ನು ಲಂಬವಾಗಿ ನಿಲ್ಲಿಸಿ, ದ್ರಾವಣವನ್ನು ಒಂದೇ ಸಮನೆ ಕದಡುತ್ತಿರಿ. ಹೊರತೆಗೆದ ಕೂಡಲೇ, ಒಣಗುವ ಮುನ್ನವೇ, ಶುದ್ಧೀಕರಿಸಿದ ನೀರಿನಲ್ಲಿ ತೊಳೆಯಿರಿ. ಹೈಡ್ರೋಫ್ಲೋರಿಕ್ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಂತೆ ಇಲ್ಲದಿದ್ದರೆ ದಯವಿಟ್ಟು ತೊಟ್ಟಿಯ ಹತ್ತಿರ ಹೋಗಲೇಬೇಡಿ. ಈ ಆಮ್ಲದ ಸುಟ್ಟಗಾಯ ಎಷ್ಟೋ ಸಲ ತಡವಾಗಿ ನೋಯತೊಡಗುತ್ತದೆ.

ಇಷ್ಟಾದ ಮೇಲೂ ಗುಳಿಗಳು ಉಳಿದರೆ ದೋಷ ಎಚಿಂಗ್‌ಗಿಂತ (ಆಮ್ಲದಿಂದ ಸವೆಸುವುದಕ್ಕಿಂತ) ಹಿಂದಿನದಿರಬಹುದು. ಕಣ್ಣಿಗೆ ಕಾಣದ ಗೀರುಗಳನ್ನು ಆಮ್ಲ ಅಗಲಿಸಿ ತೋರಿಸುತ್ತದೆ. ಆಗ ಆಮ್ಲಕ್ಕಿಳಿಸುವ ಮೊದಲೇ ಗಾಜಿನ ಹಾಳೆಗಳನ್ನು ಓರೆ ಬೆಳಕಿನಲ್ಲಿ ನೋಡಿ, ಗೀರು ಬಿದ್ದವನ್ನು ಬೇರ್ಪಡಿಸಿ.