ನಿಮ್ಮ ಲೇಖನದ ಹುಬ್ಬು ಎಲ್ಲಿ?

ನಮಸ್ಕಾರ.

'ಸೂಪರ್‌ಸಿಲಿಯಸ್' (ಸೊಕ್ಕಿನಿಂದ ಇತರರನ್ನು ಕೀಳಾಗಿ ಕಾಣುವ) ಎಂಬ ಇಂಗ್ಲಿಷ್ ಪದದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಆರು ಪುಟಗಳಲ್ಲಿ ಮೊದಲ ಎರಡು ರಾವಣ, ದುರ್ಯೋಧನರಿಗೇ ಹೋಗಿವೆ. ಅವರು ಸೊಕ್ಕಿನಿಂದ ಕೆಟ್ಟರು ಅಂತ ಓದುಗರಿಗೆ ಗೊತ್ತಿಲ್ವಾ? ಪದ ಬರುವುದೇ ಮೂರನೇ ಪುಟದಲ್ಲಿ. ಅಲ್ಲೂ ಎಡವಿದ್ದೀರಿ. 'ಸೂಪರ್' ಅಂದರೆ ಜಾಸ್ತಿ, 'ಸಿಲಿ' ಅಂದರೆ ಪೆದ್ದು, ಒಟ್ಟಿನಲ್ಲಿ 'ಮಹಾಪೆದ್ದ' ಎಂದಿದ್ದೀರಿ. ಓದಿ ನಕ್ಕೆ, ನಿಜ. ಆದರೆ ಅದು ತಪ್ಪು. ಲ್ಯಾಟಿನ್‌ನಲ್ಲಿ 'ಸುಪರ್' ಅಂದರೆ ಮೇಲೆ, 'ಕಿಲಿಯುಮ್' ಅಂದರೆ ಕಣ್ಣಿನ ರೆಪ್ಪೆ. ರೆಪ್ಪೆಯ ಮೇಲೆ ಇರುವುದೇನು? ಹುಬ್ಬು! 'ಸುಪರ್‌ಕಿಲಿಯುಮ್' ಎಂದರೆ ಅದೇ. ರೋಮನ್ನರು ಈ ಪದವನ್ನು ಸೊಕ್ಕು ಎಂಬ ಅರ್ಥಕ್ಕೂ ಬಳಸುತ್ತಿದ್ದರು. 16ನೇ ಶತಮಾನದ ಇಂಗ್ಲಿಷಿನಲ್ಲಿ ಇದರಿಂದ ಬಂದ 'ಸೂಪರ್‌ಸಿಲಿಯಸ್' ಎಂಬ ಗುಣವಾಚಕ ಕಾಣಿಸಿಕೊಂಡಾಗ ಉಳಿದದ್ದು ಸೊಕ್ಕು ಮಾತ್ರ. ಹುಬ್ಬಿನ ಜಾಗದ ಮೂಳೆಯ ಉಬ್ಬಿಗೆ ಡಾಕ್ಟರುಗಳು ಇವತ್ತಿಗೂ 'ಸೂಪರ್‌ಸಿಲಿಯರಿ ಆರ್ಚ್' ಅನ್ನುತ್ತಾರೆ.

ಕನ್ನಡದ ಅರ್ಥವಾಗಿ 'ಉದ್ಧಟ' ಎಂದು ಕೊಟ್ಟಿದ್ದೀರಿ. ಒಪ್ಪಲಾರೆ. ಉದ್ಧಟ ಎದುರು ಮಾತಾಡುತ್ತಾನೆ. ಸೂಪರ್‌ಸಿಲಿಯಸ್ ಮನುಷ್ಯ ಮಾತೇ ಆಡುವುದಿಲ್ಲ, ನೀವು ಆ ಮಾತಿಗೂ ಲಾಯಕ್ಕಿಲ್ಲ ಅನ್ನುವ ಹಾಗೆ ನೋಡುತ್ತಾನೆ. 'ಹುಬ್ಬೇರಿಸುವವನು' ಅಂದರೂ ನಡೆಯುವುದಿಲ್ಲ. ನಮ್ಮಲ್ಲಿ ಹುಬ್ಬೇರಿದರೆ ಆಶ್ಚರ್ಯ, ಹುಬ್ಬು ಗಂಟಿಕ್ಕಿದರೆ ಸಿಟ್ಟು. ಸೊಕ್ಕು ಬಂತು ಅನ್ನಬೇಕಾದರೆ ಕಣ್ಣೇ ನೆತ್ತಿಗೇರಬೇಕು. ರೋಮಿನವರದ್ದು ಹುಬ್ಬಿಗೇ ನಿಂತಿತು, ನಮ್ಮದು ಇನ್ನೂ ಮೇಲೆ ಹೋಯಿತು. ಇದರ ಮೇಲೇ ಒಂದು ಪುಟ ಬರೆಯಬಹುದಿತ್ತು ನೀವು.

ಇನ್ನು ನಾಲ್ಕನೇ ಪುಟದ ಬ್ಯಾಂಕಿನ ಪ್ರಸಂಗ. ನಿಮ್ಮ ತಂದೆ ಫಾರಂ ಚಾಚಿದಾಗ ಕೌಂಟರಿನಲ್ಲಿದ್ದವರು ತಲೆ ಎತ್ತಲಿಲ್ಲ, 'ಒಂದು ಹುಬ್ಬು ಮಾತ್ರ ಎತ್ತಿ ಪೆನ್ನಿನ ಕಡೆ ತೋರಿಸಿದರು' ಎಂದು ಬರೆದಿದ್ದೀರಿ. ಎಷ್ಟು ಚೆನ್ನಾಗಿದೆ! ಇಡೀ ಪದ ಆ ಒಂದು ಸಾಲಿನಲ್ಲಿದೆ. ಅದನ್ನು ಬರೆದು, ಗಮನಿಸದೆ, ಮತ್ತೆ ದುರ್ಯೋಧನನ ಹತ್ತಿರ ಹೋಗಿಬಿಟ್ಟಿರಿ.

ಲೇಖನ ಆ ಕೌಂಟರಿನಿಂದಲೇ ಶುರುವಾಗಲಿ. ಎರಡು ಪುಟ ಸಾಕು. ಶೀರ್ಷಿಕೆಯ ಮುಂದಿರುವ ಮೂರು ಆಶ್ಚರ್ಯಸೂಚಕಗಳನ್ನೂ ತೆಗೆದುಬಿಡಿ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ